ಬ ಲಿಮಿಟೆಡ್ ಏನು ಮಾರುತ್ತದೆ?

೧

ಎಲ್ಲಿಂದ ಶುರು ಮಾಡುವುದು? ಈ ಕಥೆ ಬರೆಯುವವನಿಗೆ ಗೊತ್ತಿರುವ ದಾರಿ ಒಂದೇ. ಮೊದಲು ಆಕಾಶ, ಆಮೇಲೆ ನೆಲ, ನೆಲದ ಮೇಲೆ ನಡೆಯುತ್ತಿರುವ ಕೆಲಸ, ಕೆಲಸದ ಹಿಂದಿನಿಂದ ಮೆಲ್ಲಗೆ ಮನುಷ್ಯರು. ದನಕರುಗಳ ನಡುವೆ ಬೆಳೆದವನಾದ್ದರಿಂದ ಅವನಿಗೆ ಅವಸರ ಎಂಬುದು ಒಗ್ಗುವುದಿಲ್ಲ. ಎಮ್ಮೆ ಎದ್ದು ನಿಲ್ಲುವುದಕ್ಕೆ ಅವನ ಕಥೆಯಲ್ಲಿ ಒಂದು ಪುಟ ಬೇಕು. ಅದು ಬಾಲ ಬೀಸುವಷ್ಟರಲ್ಲಿ ಓದುಗರು ಎದ್ದು ಕೈಕಾಲು ಆಡಿಸಿ ಮತ್ತೆ ಬಂದು ಕೂತಿರುತ್ತಾರೆ.

ಹಾಗಾಗಿ, ಹೀಗೆ:

ಬೇಸಿಗೆ ಮುಗಿಯುತ್ತ ಬಂದಿತ್ತು. ಮೊದಲ ಮಳೆ ಒಂದು ಸಲ ಬಂದು ನೆಲವನ್ನು ಮೂಸಿ ನೋಡಿ ಹೋಗಿತ್ತು. ನರ್ಸರಿಯ ಹಸಿರು ನೆರಳುಬಲೆಯ ಕೆಳಗೆ ಹೆಂಗಸರು ಸಾಲಾಗಿ ಕೂತು ಕಪ್ಪು ಚೀಲಗಳಿಗೆ ಮಣ್ಣು ತುಂಬುತ್ತಿದ್ದರು. ತುಂಬಿದ ಚೀಲವನ್ನು ಒಮ್ಮೆ ನೆಲಕ್ಕೆ ಕುಟ್ಟಿ, ಇಳಿದ ಮಣ್ಣಿನ ಮೇಲೆ ಇನ್ನೊಂದು ಹಿಡಿ ಹಾಕಿ, ಪಕ್ಕಕ್ಕೆ ಸರಿಸುತ್ತಿದ್ದರು. ಆಚೆ ಬದಿಯಲ್ಲಿ ನಿಂಬೆಗೆ ಕಸಿ ಕಟ್ಟುವ ಕೆಲಸ. ಬೇರುಗಿಡದ ತಲೆ ಕತ್ತರಿಸಿ, ಕಾಂಡವನ್ನು ಸೀಳಿ, ಒಳ್ಳೆಯ ಮರದಿಂದ ತಂದ ಕುಡಿಯ ಬುಡವನ್ನು ಮೊನೆ ಮಾಡಿ ಆ ಸೀಳಿನೊಳಗೆ ಕೂರಿಸಿ, ಪ್ಲಾಸ್ಟಿಕ್ ಪಟ್ಟಿಯನ್ನು ಬಿಗಿಯಾಗಿ ಸುತ್ತಬೇಕು. ಗುಡ್ಡದ ಮೇಲೆ ಮೋಡವೊಂದು ತನ್ನ ಪಾಡಿಗೆ ತಾನು ಯಾವ ಕಡೆ ಹೋಗಲಿ ಎಂದು—

"ಮೋಡ ಸಾಕು ಬಿಡಿ ಸ್ವಾಮಿ," ಎಂದಳು ಚಾಕು ಹಿಡಿದು ಕೂತಿದ್ದ ಹೆಂಗಸು. "ನಾಳೆ ನನಗೆ ಪರೀಕ್ಷೆ. ನಿಮ್ಮ ಮೋಡ ಆ ಗುಡ್ಡ ಇಳಿಯೋಷ್ಟರಲ್ಲಿ ನನ್ನ ರಿಸಲ್ಟೇ ಬಂದಿರುತ್ತೆ."

"ಒಂದೇ ಒಂದು ಸಾಲು. ಬಣ್ಣ ಹೇಳಿಬಿಡ್ತೀನಿ."

"ಮೋಡದ ಬಣ್ಣ ಯಾರಿಗೆ ಗೊತ್ತಿಲ್ಲ?"

(ಗೊತ್ತಿಲ್ಲದ ಓದುಗರು ದಯವಿಟ್ಟು ಕಿಟಕಿ ತೆರೆದು ನೋಡಿಕೊಳ್ಳಬೇಕು. ಬರೆಯುವವನ ಕೈ ಕಟ್ಟಿಹಾಕಲಾಗಿದೆ.)

೨

ಅವಳನ್ನು ನರ್ಸರಿಯಲ್ಲಿ ಎಲ್ಲರೂ ಕಸಿಯಕ್ಕ ಎನ್ನುತ್ತಾರೆ. ಮಣ್ಣು ತುಂಬುವ ಕೆಲಸಕ್ಕೆ ಬಂದವಳು ನೋಡಿ ನೋಡಿ ಕಸಿ ಕಲಿತಳು. ಅವಳು ಕಟ್ಟಿದ ಕುಡಿ ಒಣಗುವುದು ಅಪರೂಪ. ಆದರೆ ಬಲಗೈ ಹೆಬ್ಬೆರಳು ಈಚೆಗೆ ಅವಳ ಮಾತು ಕೇಳುತ್ತಿಲ್ಲ. ಬೆಳಿಗ್ಗೆ ಚಾಕು ಹಿಡಿದರೆ ಮಧ್ಯಾಹ್ನದ ಹೊತ್ತಿಗೆ ಅದು ಯಾರದೋ ಬೆರಳಿನ ಹಾಗೆ ಜೋಮು ಹಿಡಿದು ಕೂರುತ್ತದೆ. ಡಾಕ್ಟರು ನೋಡಿ, "ಈ ಕೆಲಸ ಇನ್ನೊಂದು ಸೀಸನ್ ಸಾಕಮ್ಮ, ಆಮೇಲೆ ಬೇರೆ ಏನಾದ್ರೂ ನೋಡ್ಕೊಳ್ಳಿ" ಎಂದಿದ್ದಾರೆ.

ಬೇರೆ ಏನಾದರೂ ಎಂಬುದು ಅವಳ ಕಣ್ಣೆದುರಿಗೇ ಇದೆ. ನೆರಳುಬಲೆಯ ಕೆಳಗಿನಿಂದ ಕತ್ತೆತ್ತಿದರೆ ಆಫೀಸಿನ ಕಿಟಕಿ. ಕಿಟಕಿಯ ಒಳಗೆ ಹಳೇ ಲೆಕ್ಕಿಗರ ಕುರ್ಚಿ. ಲೆಕ್ಕಿಗರು ಈ ಮಳೆಗಾಲದ ಕೊನೆಗೆ ನಿವೃತ್ತರಾಗುತ್ತಾರೆ. ನರ್ಸರಿ ಸಣ್ಣದಾದರೂ ಕಂಪನಿ, ಕಂಪನಿಗೆ ರೂಲ್ಸು. ಲೆಕ್ಕದ ಪರೀಕ್ಷೆಯ ಎಲ್ಲ ಪೇಪರನ್ನೂ ಪಾಸು ಮಾಡಿದವರು ಮಾತ್ರ ಆ ಕುರ್ಚಿಯಲ್ಲಿ ಕೂರಬಹುದು. ಕಸಿಯಕ್ಕ ಸಂಜೆ ಕ್ಲಾಸಿಗೆ ಹೋಗಿ ಒಂದೊಂದನ್ನೇ ಮುಗಿಸಿದ್ದಾಳೆ. ಉಳಿದಿರುವುದು ಒಂದು. ಕಂಪನಿಯೊಂದರ ಲೆಕ್ಕಪತ್ರವನ್ನು ಮುಂದಿಟ್ಟು, ಇದನ್ನು ಓದಿ ಇದರ ಅರ್ಥ ಹೇಳಿ ಎಂದು ಕೇಳುವ ಪೇಪರು. ಅದರಲ್ಲಿ ಅವಳು ಎರಡು ಸಲ ನಪಾಸು. ಮೂರನೆಯದು ಕೊನೆಯ ಅವಕಾಶ. ಇದೂ ಹೋದರೆ ಲೆಕ್ಕಿಗರ ಜಾಗಕ್ಕೆ ಪೇಪರಿನಲ್ಲಿ ಜಾಹೀರಾತು ಕೊಡುತ್ತಾರೆ, ಹೊರಗಿನಿಂದ ಯಾರೋ ಬರುತ್ತಾರೆ, ಹೆಬ್ಬೆರಳು ಸೋತ ಕಸಿಯಕ್ಕ ಮತ್ತೆ ಮಣ್ಣು ತುಂಬುವ ಸಾಲಿಗೆ ಇಳಿಯುತ್ತಾಳೆ.

೩

(ಈ ಭಾಗವನ್ನು ಹರಿದು ಹಾಕಲಾಗಿದೆ. ಇದರಲ್ಲಿ ಕಸಿಯಕ್ಕ ಗಿಡಗಳ ಮಧ್ಯೆ ಕೂತು ಒಬ್ಬಳೇ ಅಳುತ್ತಿದ್ದಳು. ಎರಡು ವಾಕ್ಯ ಚೆನ್ನಾಗಿ ಬಂದಿದ್ದವು. ಅವಳು ಓದಿ, "ನಾನು ಅಳೋಳಲ್ಲ. ನಿಮಗೆ ಅಷ್ಟೊಂದು ಆಸೆ ಇದ್ದರೆ ನಮ್ಮ ಅತ್ತೆನ ಕೇಳಿ ನೋಡಿ" ಎಂದಳು. ಚೀಲ ಕುಟ್ಟುತ್ತಿದ್ದ ಅತ್ತೆ ತಲೆಯನ್ನೂ ಎತ್ತದೆ, "ನನಗೂ ಪುರುಸೊತ್ತಿಲ್ಲಪ್ಪ" ಎಂದರು.)

೪

ಅತ್ತೆ ಬಂದೇಬಿಟ್ಟರಲ್ಲ, ಇರಲಿ. ಅವರೂ ಅದೇ ನರ್ಸರಿಯ ಮಣ್ಣಿನ ಸಾಲಿನಲ್ಲಿ ಕೂರುವವರು. ಸೊಸೆಯ ಮೊದಲನೆಯ ನಪಾಸನ್ನು ಊರಿಗೆಲ್ಲ ಹೇಳಿ ನಕ್ಕವರು, ಎರಡನೆಯದನ್ನು ಯಾರಿಗೂ ಹೇಳದವರು.

ಮೊದಲನೆಯ ಸಲ ನಡೆದದ್ದು ಹೀಗೆ. ಬ್ರೆಡ್ ಮಾಡುವ ಕಂಪನಿಯೊಂದರ ಲೆಕ್ಕ ಕೊಟ್ಟಿದ್ದರು. ಕಸಿಯಕ್ಕ ಲೆಕ್ಕ ಹಾಕಿದಳು. ಹಿಂದಿನ ವರ್ಷ ಮಾಲು ಗೋಡೌನಿನಲ್ಲಿ ಎರಡು ದಿನ ಇರುತ್ತಿತ್ತು, ಈ ವರ್ಷ ಹತ್ತು ದಿನ. ಲೆಕ್ಕ ಸರಿಯಾಗಿಯೇ ಇತ್ತು. ಅದರ ಕೆಳಗೆ ಅವಳು ದುಂಡಗಿನ ಅಕ್ಷರದಲ್ಲಿ ಬರೆದಳು: ಮಾಲು ಹೆಚ್ಚು ದಿನ ನಿಂತಿರುವುದು ಬಹಳ ಒಳ್ಳೆಯದು. ಅಷ್ಟು ದಿನದಲ್ಲಿ ಅದು ಇನ್ನಷ್ಟು ಬೆಳೆದಿರುತ್ತದೆ; ಹೆಚ್ಚಿನ ಬೆಲೆಗೆ ಮಾರಬಹುದು.

"ಬ್ರೆಡ್ಡು ಬೆಳೆಯುತ್ತೇನೇ?" ಎಂದು ಅತ್ತೆ ಆವತ್ತು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

"ಬೆಳೆಯುತ್ತೆ ಅತ್ತೆ, ಬೂಷ್ಟು."

ಅವಳದೇನು ತಪ್ಪು? ಅವಳ ಜಗತ್ತಿನಲ್ಲಿ ಮಾಲು ಅಂದರೆ ಗಿಡ. ಮಾರದೆ ಉಳಿದ ಗುಲಾಬಿ ಸುಮ್ಮನೆ ಕೂರುವುದಿಲ್ಲ. ಚಿಗುರುತ್ತದೆ, ಮೊಗ್ಗು ಬಿಡುತ್ತದೆ, ಮುಂದಿನ ತಿಂಗಳು ಅದಕ್ಕೆ ಹೆಚ್ಚಿನ ರೇಟು. ನಿಂತ ಮಾಲು ಕೊಳೆಯುತ್ತದೆ ಎಂದು ಪುಸ್ತಕದಲ್ಲಿ ಓದಿದ್ದಳು. ಪರೀಕ್ಷೆಯ ಬಿಸಿಯಲ್ಲಿ ಪುಸ್ತಕ ಮರೆತು ಗಿಡ ನೆನಪಾಯಿತು.

ಎರಡನೆಯ ಸಲ ಹೆದರಿಕೆ. ಬಾಯಿಬಿಟ್ಟರೆ ತಾನೇ ಬ್ರೆಡ್ಡು ಬೆಳೆಯುವುದು? ಎಲ್ಲ ಅನುಪಾತಗಳನ್ನೂ ಚೊಕ್ಕವಾಗಿ ಲೆಕ್ಕ ಹಾಕಿ, ಪ್ರತಿಯೊಂದರ ಕೆಳಗೂ ಬರೆದಳು: ಇದು ಒಳ್ಳೆಯದಿರಬಹುದು. ಕೆಟ್ಟದ್ದೂ ಇರಬಹುದು.

ಅವಳ ಸಂಜೆ ಕ್ಲಾಸಿನ ಸರ್ ಆ ಉತ್ತರದ ಪ್ರತಿ ತರಿಸಿ ನೋಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರಂತೆ. ವಿದ್ಯಾರ್ಥಿಗಳು ಅವರಿಗೆ ಇಟ್ಟ ಹೆಸರು 'ಹಾಗಾದ್ರೆ ಸರ್'. ಯಾರು ಏನು ಹೇಳಿದರೂ ಅವರದು ಒಂದೇ ಪ್ರಶ್ನೆ.

"ಲಾಭ ಜಾಸ್ತಿ ಆಗಿದೆ ಸರ್."

"ಹಾಗಾದ್ರೆ?"

"ಮಾರಾಟ ಜಾಸ್ತಿ ಆಗಿರ್ಬೇಕು."

"ಹಾಗಾದ್ರೆ?"

"ದುಡ್ಡು ಬಂದಿರ್ಬೇಕು."

"ಬಂದಿದೆಯಾ? ನೋಡಿದ್ರಾ?"

ನೋಡಿದರೆ ಬಂದಿರುವುದಿಲ್ಲ. ಅಲ್ಲಿಂದ ಮುಂದೆ ಇನ್ನೊಂದು ಹಾಗಾದ್ರೆ. ಅವರ ಹೆಂಡತಿ ಮನೆಯಲ್ಲಿ ಉಪ್ಪು ಮುಗಿದಿದೆ ಎಂದರೂ ಇದೇ ಪ್ರಶ್ನೆ ಬರುತ್ತದೆಂದೂ, ಉತ್ತರವಾಗಿ ಅವರ ಕೈಗೆ ಚೀಲ ಬರುತ್ತದೆಂದೂ ಕ್ಲಾಸಿನಲ್ಲಿ ಸುದ್ದಿ.

೪ (ಮುಂದುವರಿದದ್ದು, ಬರೆಯುವವನಿಗೆ ಐದಕ್ಕೆ ಹೋಗಲು ಇನ್ನೂ ಮನಸ್ಸಿಲ್ಲ)

ಆದರೆ ನಿಜವಾದ ತಾಲೀಮು ನಡೆದದ್ದು ಮಣ್ಣಿನ ಸಾಲಿನಲ್ಲಿ. ಕಸಿಯಕ್ಕ ಹಳೆಯ ಕ್ವೆಶ್ಚನ್ ಪೇಪರನ್ನು ನೀರಿನ ಕ್ಯಾನಿಗೆ ಒರಗಿಸಿಟ್ಟು ಗಟ್ಟಿಯಾಗಿ ಓದುತ್ತಿದ್ದಳು. ಅತ್ತೆ ಚೀಲ ಕುಟ್ಟುತ್ತ ಕೇಳುತ್ತಿದ್ದರು. ಅವರಿಗೆ ಎಲ್ಲ ಕಂಪನಿಗಳೂ ಹೆಣ್ಣು ಕೇಳಿಕೊಂಡು ಬಂದ ಗಂಡಿನ ಮನೆಯವರೇ.

"ಆಸ್ತಿ ಎಷ್ಟು ಅಂದೆ?"

"ತುಂಬಾ ಇದೆ ಅತ್ತೆ. ಕಟ್ಟಡ, ಮಿಷನ್ನು, ಲಾರಿ."

"ಕೈಯಲ್ಲಿ?"

"ಕೈಯಲ್ಲಿ ಏನೂ ಇಲ್ಲ. ಬ್ಯಾಂಕ್ ಓವರ್‌ಡ್ರಾಫ್ಟು."

"ಅಂದ್ರೆ?"

"ಖಾತೆಯಲ್ಲಿ ಇರೋದಕ್ಕಿಂತ ಜಾಸ್ತಿ ತೆಗೆದಿದಾರೆ."

"ಬೇಡ ಬಿಡು. ಮಹಡಿ ಮನೆ, ಒಲೆ ಮೇಲೆ ಏನೂ ಇಲ್ಲ. ಮುಂದಿನವರದು ಓದು."

ಮುಂದಿನವರಿಗೆ ಸಾಲವೇ ಇರಲಿಲ್ಲ. ಅತ್ತೆಗೆ ಅವರು ಬಹಳ ಹಿಡಿಸಿದರು. "ಇವರಿಗೆ ಕೊಡೋಣ" ಎಂದುಬಿಟ್ಟರು. ಆದರೆ ಆ ಕಂಪನಿಯ ಮಿಷನ್ನುಗಳೆಲ್ಲ ಸವೆದುಹೋಗಿ, ಮಾರಾಟ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ ಎಂದು ಸೊಸೆ ತೋರಿಸಿದಾಗ ಒಂದು ಗಳಿಗೆ ಚೀಲ ಕುಟ್ಟುವುದು ನಿಂತಿತು.

"ಸಾಲ ಮಾಡದೆ ಇರೋದು ಒಳ್ಳೇದಲ್ವಾ?"

"ಯಾರೂ ಸಾಲ ಕೊಡದೆ ಇರೋದೂ ಹಾಗೇ ಕಾಣುತ್ತೆ ಅತ್ತೆ."

"ಅಯ್ಯೋ, ನನ್ನ ಹುಡುಗಿನ ಕೊಟ್ಟೇಬಿಟ್ಟಿದ್ದೆನಲ್ಲೇ!" ಎಂದು ಅತ್ತೆ ಎದೆ ಮುಟ್ಟಿಕೊಂಡರು. ಅವರಿಗೆ ಇರುವವನು ಒಬ್ಬ ಮಗ, ನರ್ಸರಿಯ ವ್ಯಾನ್ ಓಡಿಸುವವನು, ಈ ಕಸಿಯಕ್ಕನ ಗಂಡ. ಇಲ್ಲದ ಹುಡುಗಿಯ ಚಿಂತೆಯಲ್ಲಿ ಅವರು ಆವತ್ತು ಊಟ ಸರಿಯಾಗಿ ಮಾಡಲಿಲ್ಲ.

೫

ಪರೀಕ್ಷೆಯ ಕೋಣೆ. ಸಾಲುಸಾಲು ಮೇಜು, ತಲೆಯ ಮೇಲೆ ಕರ್ರೋ ಎನ್ನುವ ಫ್ಯಾನು. ಮೊದಲನೆಯ ಪ್ರಶ್ನೆ ಅ ಲಿಮಿಟೆಡ್‌ನದು; ಸಣ್ಣದು. ಕಸಿಯಕ್ಕ ಅದನ್ನು ಮುಗಿಸಿ ಪುಟ ತಿರುಗಿಸಿದಳು.

ಬ ಲಿಮಿಟೆಡ್ ಒಂದು ಉತ್ಪಾದನಾ ಕಂಪನಿ. ಹೊಸ ಯಂತ್ರ ಕೊಳ್ಳಲು ಅದು ಬ್ಯಾಂಕಿನಿಂದ ಸಾಲ ಕೇಳಿದೆ. ಎರಡು ವರ್ಷದ ಲೆಕ್ಕಪತ್ರಗಳನ್ನು ಕೆಳಗೆ ಕೊಟ್ಟಿದೆ. ಪರಿಶೀಲಿಸಿ ಬ್ಯಾಂಕಿಗೆ ಸಲಹೆ ನೀಡಿ.

ಅರ್ಧ ಪೇಪರಿನ ಅಂಕ ಈ ಒಂದು ಪ್ರಶ್ನೆಗೇ ಇತ್ತು.

ಲೆಕ್ಕ ಹಾಕಿದಳು. ಮಾರಾಟ ಏರಿತ್ತು. ಲಾಭ ಏರಿತ್ತು. ಹೋದ ವರ್ಷ ಮಾಲು ಕೊಂಡವರು ತಿಂಗಳೊಳಗೆ ದುಡ್ಡು ಕೊಡುತ್ತಿದ್ದರು. ಈ ವರ್ಷ ಮೂರು ತಿಂಗಳಾದರೂ ಕೊಡುತ್ತಿಲ್ಲ. ಬ್ಯಾಂಕಿನಲ್ಲಿ ಇದ್ದ ಹಣ ಹೋಗಿ ಓವರ್‌ಡ್ರಾಫ್ಟ್ ಬಂದಿತ್ತು. ಗೋಡೌನಿನಲ್ಲಿ ನಿಂತ ಮಾಲು ದುಪ್ಪಟ್ಟಾಗಿತ್ತು.

ಮಾಲು ದುಪ್ಪಟ್ಟು. ಒಳ್ಳೆಯದೋ ಕೆಟ್ಟದ್ದೋ? ಬ್ರೆಡ್ಡಿನ ನೆನಪಾಗಿ ಅವಳ ಕಿವಿ ಬಿಸಿಯಾಯಿತು. ಇವರು ಮಾರುವುದು ಏನನ್ನು ಎಂದು ಪ್ರಶ್ನೆಯನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಹುಡುಕಿದಳು. ಎಲ್ಲೂ ಬರೆದಿರಲಿಲ್ಲ.

"ಸ್ವಾಮಿ," ಎಂದಳು ಮೆಲ್ಲಗೆ, ಬರೆಯುವವನಿಗೆ. "ಇವರು ಏನು ಮಾರ್ತಾರೆ?"

"ನನಗೇನು ಗೊತ್ತು? ಪೇಪರ್ ಸೆಟ್ ಮಾಡಿದವನು ನಾನಲ್ಲ."

"ಕಥೆ ನಿಮ್ಮದು ತಾನೆ?"

"ಛತ್ರಿ ಅಂತ ಬರೆದುಬಿಡಲಾ? ಮಳೆಗಾಲಕ್ಕೆ ಮುಂಚೆ ಛತ್ರಿ ರಾಶಿ ಹಾಕ್ಕೊಳ್ಳೋದು ಸಹಜ. ಮಾಲು ದುಪ್ಪಟ್ಟು ಇರೋದಕ್ಕೆ ಕಾರಣ ಸಿಕ್ಕಿಬಿಡುತ್ತೆ, ನೀವೂ ಪಾಸು. ಮಳೆ ಬಗ್ಗೆ ನನಗೂ ಒಂದು ಪ್ಯಾರಾ—"

"ಬೇಡ. ನೀವು ಹೇಳಿಕೊಟ್ಟರೆ ಅದು ಕಾಪಿ ಹೊಡೆದಂಗೆ."

ಕಾವಲಿನ ಮೇಡಂ ಹತ್ತಿರ ಬಂದರು. "ಯಾರ ಜೊತೆ ಮಾತಾಡ್ತಿದೀರಾ?"

"ಪ್ರಶ್ನೆ ಜೊತೆ ಮೇಡಂ."

"ಮನಸ್ಸಲ್ಲೇ ಮಾತಾಡಿ."

೬

ಮನಸ್ಸಿನಲ್ಲೇ ಮಾತಾಡಲು ಹೋದದ್ದರಿಂದ ಹೀಗಾಯಿತು. ಪಕ್ಕದ ಖಾಲಿ ಮೇಜಿನ ಮುಂದೆ ಕೋಟು ತೊಟ್ಟ ಗಂಡಸೊಬ್ಬ ಬಂದು ಕೂತ. ಕೋಟಿನ ಗುಂಡಿಗಳು ಸರಿಯಾಗಿದ್ದವು. ಮುಖ ಮಾತ್ರ ಇನ್ನೂ ಪೂರ್ತಿ ಬರೆದಾಗಿರಲಿಲ್ಲ.

"ನಮಸ್ಕಾರ ತಾಯಿ. ನಾನು ಬ ಲಿಮಿಟೆಡ್‌ನ ಯಜಮಾನ."

ಕಸಿಯಕ್ಕ ಪೆನ್ನು ಕೆಳಗಿಟ್ಟಳು. "ಒಳ್ಳೇ ಟೈಮಿಗೆ ಬಂದ್ರಿ. ಏನ್ರೀ ಮಾರ್ತೀರಾ ನೀವು?"

"ಅದೊಂದು ಮಾತ್ರ ಕೇಳಬೇಡಿ. ಪ್ರಶ್ನೆ ಬರೆದೋರು ನನಗೂ ಹೇಳಿಲ್ಲ. ಗೋಡೌನ್ ಬಾಗಿಲು ತೆಗೆದ್ರೆ ಒಳಗೆ ಬರೀ ಅಂಕಿ. ನೆಲದಿಂದ ಸೂರಿನ ತನಕ ಒಂದೇ ಅಂಕಿ ನಿಂತಿರುತ್ತೆ."

"ವಾಸನೆ?"

"ಯಾವ ವಾಸನೆ?"

"ಹಳಸಿದ್ದಾ, ಹೊಸದಾ, ಕಬ್ಬಿಣದ್ದಾ, ಬಟ್ಟೇದಾ? ಮೂಗಿಲ್ವಾ ನಿಮಗೆ?"

ಯಜಮಾನರು ಮುಖ ಮುಟ್ಟಿ ನೋಡಿಕೊಂಡರು. (ಗಡಿಬಿಡಿಯಲ್ಲಿ ಬರೆಯುವವ ಮೂಗು ಬರೆದಿರಲಿಲ್ಲ. ಈಗ ಬರೆದಿದ್ದಾನೆ. ಸ್ವಲ್ಪ ದೊಡ್ಡದಾಯಿತು.)

"ಕೆಲಸದವರು ಎಷ್ಟು ಜನ ಇದ್ದಾರೆ?"

"ಸಂಬಳ ಅನ್ನೋ ಒಂದು ಸಾಲಿದೆ. ಆ ಸಾಲಿನ ಹಿಂದೆ ಯಾರೋ ಇದ್ದಾರೆ ತಾಯಿ, ಬೆಳಿಗ್ಗೆ ಸೈಕಲ್ ಬೆಲ್ ಕೇಳುತ್ತೆ. ಅವರ ಮುಖ ನೋಡಿಯಾದ್ರೂ ಸಾಲ ಕೊಡಿ ಅಂತ ಬರೆದುಬಿಡಿ."

ಕಸಿಯಕ್ಕನಿಗೆ ಅಯ್ಯೋ ಅನ್ನಿಸಿತು. ಸಂಬಳದ ಸಾಲಿನ ಹಿಂದೆ ಕೂತ ಜನ ಅವಳಿಗೆ ಚೆನ್ನಾಗಿ ಗೊತ್ತು. ಮಣ್ಣು ತುಂಬುವವರು, ನೀರು ಹಾಯಿಸುವವರು.

೭

ನಡುವೆ ಒಂದು ಸಣ್ಣ ಪರಿಶೀಲನೆ. ಈ ಕಥೆಯ ಲೆಕ್ಕಪತ್ರವನ್ನು ಹಾಗಾದ್ರೆ ಸರ್ ನೋಡಿದರೆ ಏನು ಹೇಳಿಯಾರು? ಮಾತಿನ ಖರ್ಚು ವಿಪರೀತ. ಘಟನೆಗಳ ಆದಾಯ ಸಾಲದು. ಒಂದು ಮೋಡ ದಾಸ್ತಾನಿನಲ್ಲೇ ಉಳಿದಿದೆ. ಅಳುವ ದೃಶ್ಯವೊಂದು ನಷ್ಟದಲ್ಲಿ ಹೋಯಿತು. ಓದುಗರು ಇಷ್ಟು ಹೊತ್ತು ಉದ್ರಿ ಕೊಟ್ಟಿದ್ದಾರೆ, ಮುಂದೆ ಕೊಡುವ ಭರವಸೆ ಇಲ್ಲ. ಆಸ್ತಿ ಅಂತ ಇರುವುದು ಇಬ್ಬರೇ: ಒಬ್ಬಳು ಸೊಸೆ, ಒಬ್ಬರು ಅತ್ತೆ. ಇಬ್ಬರೂ ಬರೆಯುವವನ ಹಿಡಿತದಲ್ಲಿಲ್ಲ.

ಹಾಗಾದ್ರೆ?

ಹಾಗಾದರೆ ಅವಳು ಬರೆಯಲಿ. ಅವನು ಸುಮ್ಮನಿರಲಿ.

೮

ಕಸಿಯಕ್ಕ ಬರೆಯತೊಡಗಿದಳು.

'ಮಾರಾಟ ಏರಿದೆ. ಆದರೆ ಏರಿದ ಮಾರಾಟವೆಲ್ಲ ಉದ್ರಿ. ಹಳೆಯ ಗಿರಾಕಿಗಳು ತಿಂಗಳಲ್ಲಿ ಕೊಡುತ್ತಿದ್ದರು. ಈಗ ಯಾರು ಬಂದು ಕೇಳಿದರೂ ಮೂರು ತಿಂಗಳ ವಾಯಿದೆ ಕೊಟ್ಟು ಮಾಲು ಎತ್ತಿಸಿ ಕಳಿಸಿದಂತೆ ಕಾಣುತ್ತದೆ. ಲಾಭ ಕಾಗದದ ಮೇಲಿದೆ, ಕೈಗೆ ಬಂದಿಲ್ಲ. ಅದಕ್ಕೇ ಓವರ್‌ಡ್ರಾಫ್ಟ್.'

"ಸ್ವಲ್ಪ ಮೆತ್ತಗೆ ಬರೆಯಬಾರದಾ?" ಎಂದರು ಯಜಮಾನರು, ಹೊಸ ಮೂಗನ್ನು ಅವಳ ಹಾಳೆಯ ಮೇಲೆ ಚಾಚಿ.

'ಗೋಡೌನಿನಲ್ಲಿ ಮಾಲು ದುಪ್ಪಟ್ಟಾಗಿದೆ. ಇದು ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳಲು ಕಂಪನಿ ಏನನ್ನು ಮಾರುತ್ತದೆ ಎಂದು ತಿಳಿಯಬೇಕು. ಅದನ್ನು ಪ್ರಶ್ನೆಯಲ್ಲಿ ಕೊಟ್ಟಿಲ್ಲ. ಹಳಸುವ ಪದಾರ್ಥವಾದರೆ ನಷ್ಟ. ಮುಂದಿನ ತಿಂಗಳು ಸೀಸನ್ ಇದ್ದು ಅದಕ್ಕಾಗಿ ತುಂಬಿಟ್ಟಿದ್ದರೆ ಜಾಣತನ. ಆದ್ದರಿಂದ ಬ್ಯಾಂಕಿನವರು ಮೊದಲು ಕೇಳಬೇಕಾದದ್ದು: ಮಾಲು ಏನು, ಅದು ಎಷ್ಟು ದಿನ ತಡೆಯುತ್ತದೆ, ವರ್ಷದ ಲೆಕ್ಕ ಮುಗಿಸಿದ್ದು ಯಾವ ತಿಂಗಳಲ್ಲಿ, ಕೊಡದ ಗಿರಾಕಿಗಳು ಯಾರು.'

ಗೊತ್ತಿಲ್ಲ ಎಂದು ಪರೀಕ್ಷೆಯಲ್ಲಿ ಬರೆದದ್ದು ಅವಳ ಜೀವನದಲ್ಲಿ ಇದೇ ಮೊದಲು. ಬರೆದ ಮೇಲೆ ಭುಜ ಹಗುರಾಯಿತು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದಮೇಲೆ ಗೊತ್ತಿರುವುದನ್ನು ಗೊತ್ತು ಎನ್ನುವುದು ಬಾಕಿ.

'ಸಲಹೆ,' ಎಂದು ಬರೆದು ಅಡಿಗೆರೆ ಎಳೆದಳು. 'ಹೊಸ ಯಂತ್ರಕ್ಕೆ ಈಗ ಸಾಲ ಕೊಡದೆ ಇರುವುದು ಒಳ್ಳೆಯದಿರಬಹು—'

ಕೈ ನಿಂತಿತು. ಅದೇ ಹಳೆಯ ಪದ, ಕರೆಯದೆ ಬಂದ ನೆಂಟನ ಹಾಗೆ ಬಾಗಿಲಲ್ಲೇ ನಿಂತಿತ್ತು.

"ಅದನ್ನ ಪೂರ್ತಿ ಮಾಡಿ ತಾಯಿ!" ಎಂದು ಯಜಮಾನರು ಕೈಮುಗಿದರು. "ಒಳ್ಳೆಯದಿರಬಹುದು. ಕೆಟ್ಟದ್ದೂ ಇರಬಹುದು. ಎಷ್ಟು ಚೆನ್ನಾಗಿದೆ ಕೇಳೋಕೆ! ನಿಮಗೂ ತಲೆನೋವಿಲ್ಲ, ನನಗೂ ಆಸೆ ಉಳಿಯುತ್ತೆ."

"ನಿಮ್ಮ ಕೆಲಸದವರಿಗೆ?"

"ಅವರಿಗೂ ಆಸೆ ಉಳಿಯುತ್ತೆ."

"ಆಸೆನ ಸಂಬಳದ ಕವರಲ್ಲಿ ಹಾಕಿ ಕೊಡ್ತೀರಾ?"

ಕಸಿಯಕ್ಕ ಹೆಬ್ಬೆರಳನ್ನು ಒಮ್ಮೆ ಒತ್ತಿ ನೀವಿಕೊಂಡು, ಆ ಪದದ ಮೇಲೆ ಅಡ್ಡಗೆರೆ ಎಳೆದಳು. ಹಾಳೆ ಹರಿಯುವಷ್ಟು ಒತ್ತಿ ಎಳೆದಳು.

'ಹೊಸ ಯಂತ್ರಕ್ಕೆ ಈಗ ಸಾಲ ಕೊಡಬೇಡಿ. ಇರುವ ಮಾಲೇ ಗೋಡೌನಿನಲ್ಲಿ ನಿಂತಿರುವಾಗ ಇನ್ನಷ್ಟು ಮಾಲು ಮಾಡುವ ಯಂತ್ರದ ಅಗತ್ಯ ಕಾಣುವುದಿಲ್ಲ. ಕಂಪನಿ ಮೊದಲು ತನಗೆ ಬರಬೇಕಾದ ಬಾಕಿಯನ್ನು ವಸೂಲು ಮಾಡಲಿ. ಹಳೆಯ ವಾಡಿಕೆಯಂತೆ ಗಿರಾಕಿಗಳು ತಿಂಗಳಲ್ಲಿ ಕೊಟ್ಟರೆ ಓವರ್‌ಡ್ರಾಫ್ಟ್ ತೀರಿ, ಕೈಯಲ್ಲಿ ಹಣವೂ ಉಳಿಯುತ್ತದೆ. ಆಮೇಲೆ ಬಂದು ಕೇಳಿದರೆ ಯೋಚಿಸಿ.'

"ಮುಗಿಸಿಬಿಟ್ರಿ ನನ್ನ," ಎಂದರು ಯಜಮಾನರು.

"ಎಲ್ಲಿ ಮುಗಿಸಿದೆ? ದಾರಿ ಹೇಳಿದ್ದೀನಿ. ಹೋಗಿ, ಬಾಕಿ ಕೇಳಿ."

"ಬಾಕಿ ಇಟ್ಕೊಂಡೋರು ಎಲ್ಲಿದ್ದಾರೆ ಅಂತ ಹುಡುಕಲಿ? ಅದೂ ಒಂದು ಅಂಕಿ ಅಷ್ಟೆ."

"ಹುಡುಕಿ ಸ್ವಾಮಿ. ಅವರು ಸಿಕ್ಕರೆ ನಿಮಗೇ ಲಾಭ. ನೀವು ಇಷ್ಟು ದಿನ ಏನು ಮಾರಿದ್ರಿ ಅಂತ ತಗೊಂಡೋರು ಹೇಳ್ತಾರಲ್ಲ!"

ಬ ಲಿಮಿಟೆಡ್‌ನ ಯಜಮಾನರ ಅರ್ಧ ಬರೆದ ಮುಖದಲ್ಲಿ ಬೆಳಕು ಹೊತ್ತಿತು. ಎದ್ದು ಕೋಟಿನ ಗುಂಡಿ ಹಾಕಿಕೊಂಡರು. "ಹೌದಲ್ಲ!" ಎಂದರು. "ಹೌದಲ್ಲ ತಾಯಿ!" ಎನ್ನುತ್ತ, ಕಾವಲಿನ ಮೇಡಂಗೂ ಒಂದು ನಮಸ್ಕಾರ ಹಾಕಿ, ಬಾಗಿಲ ಹೊರಗೆ ಓಡಿದರು.

೯

ಈಗ ಅಂತ್ಯಗಳು. ಪರೀಕ್ಷೆ ಮುಗಿಸಿ ನರ್ಸರಿಗೆ ಬಂದ ಕಸಿಯಕ್ಕನ ಮುಂದೆ ಬರೆಯುವವ ಒಂದೊಂದಾಗಿ ಹರಡಿದ, ಸೀರೆ ಅಂಗಡಿಯವನ ಹಾಗೆ.

ಅಂತ್ಯ ಒಂದು: ಇಡೀ ಪರೀಕ್ಷೆಗೇ ಮೊದಲಿಗಳಾಗಿ ಪಾಸು. ಪೇಪರಿನಲ್ಲಿ ಫೋಟೋ.

"ಫೋಟೋ ಬೇಡ. ಯಾವ ಫೋಟೋದಲ್ಲೂ ನನ್ನ ಕಣ್ಣು ಮುಚ್ಚಿರುತ್ತೆ. ಓದಿದೋರು ನಿದ್ದೆಯಲ್ಲಿ ಪಾಸಾದಳು ಅಂತಾರೆ."

ಅಂತ್ಯ ಎರಡು: ಒಂದೇ ಅಂಕಕ್ಕೆ ನಪಾಸು. ಎಡಗೈಯಲ್ಲಿ ಕಸಿ ಕಟ್ಟಲು ಕಲಿಯುತ್ತಾಳೆ. ಹಿನ್ನೆಲೆಯಲ್ಲಿ ಸೂರ್ಯ ಮೆಲ್ಲಗೆ—

"ಸೂರ್ಯನ್ನ ಮುಳುಗಿಸಿದ್ರೆ ನೋಡಿ ಮತ್ತೆ," ಎಂದರು ಅತ್ತೆ, ಮಣ್ಣಿನ ಕೈ ಎತ್ತಿ. "ಇನ್ನೂ ಅರ್ಧ ಸಾಲು ಚೀಲ ತುಂಬೋದಿದೆ."

ಅಂತ್ಯ ಮೂರು: ಎಲ್ಲೋ ಒಂದು ಕೋಣೆಯಲ್ಲಿ ಉತ್ತರ ತಿದ್ದುವವರೊಬ್ಬರು ಅವಳ ಹಾಳೆಯ ಅಡ್ಡಗೆರೆಯ ಮೇಲೆ ಬೆರಳಾಡಿಸಿ, ಕೆಂಪು ಪೆನ್ಸಿಲ್ ಎತ್ತುತ್ತಾರೆ. ಅಷ್ಟರಲ್ಲಿ ಅವರ ಮನೆಯಿಂದ ಫೋನು. ಪೆನ್ಸಿಲ್ ಗಾಳಿಯಲ್ಲೇ ನಿಂತಿದೆ.

"ಇದು ಅನ್ಯಾಯ," ಎಂದಳು ಕಸಿಯಕ್ಕ. "ಅವರ ಕೈ ನೋಯಲ್ವಾ?"

ಮೂರನ್ನೂ ಮಡಿಚಿಡಬೇಕಾಯಿತು. ಅಷ್ಟು ಹೊತ್ತಿಗೆ ಆಫೀಸಿನ ಬಾಗಿಲು ತೆರೆದು ಹಳೇ ಲೆಕ್ಕಿಗರು ಹೊರಗೆ ಬಂದರು. ಅವರನ್ನು ಬರೆಯುವವ ಕರೆದಿರಲಿಲ್ಲ. ಕೈಯಲ್ಲಿ ಬಿಲ್ಲುಗಳ ಒಂದು ಕಟ್ಟು ಇತ್ತು.

"ಹೇಗೆ ಬರೆದೆಯಮ್ಮ?"

"ಸಾಲ ಕೊಡಬೇಡಿ, ಮೊದಲು ಬಾಕಿ ವಸೂಲು ಮಾಡಿ ಅಂತ ಬರೆದೆ ಸಾರ್."

ಲೆಕ್ಕಿಗರು ಕಟ್ಟನ್ನು ಅವಳ ಕೈಗೆ ಇಟ್ಟರು. "ಸರಿ, ಹಾಗಿದ್ರೆ ಹೋಗಿ ಮಾಡು. ಆ ತೋಟದ ಗುತ್ತಿಗೆದಾರರದು. ದೊಡ್ಡ ದೊಡ್ಡ ಮನೆಗೆಲ್ಲ ಹುಲ್ಲು ಹಾಸಿ ಗಿಡ ನೆಟ್ಟುಕೊಟ್ಟು ದುಡ್ಡು ತಗೊಂಡಿದ್ದಾರೆ. ಗಿಡ ನಮ್ಮದು. ನಮಗೆ ಬಂದಿಲ್ಲ. ಗೊಬ್ಬರದ ಲಾರಿಯವನು ನಾಳೆ ಬಂದು ನಿಲ್ತಾನೆ, ಕೊಡೋಕೆ ಕಾಸಿಲ್ಲ. ನಾನು ಫೋನ್ ಮಾಡಿದ್ರೆ ಅವರು ನನ್ನ ಬಿಪಿ ಹೇಗಿದೆ ಅಂತ ವಿಚಾರಿಸ್ತಾರೆ. ವಿಚಾರಿಸಿದ ಮೇಲೆ ಅದು ಏರುತ್ತೆ."

"ರಿಸಲ್ಟ್ ಬರಲಿ ಸಾರ್. ನಾನು ಈಗ ಯಾವ ಲೆಕ್ಕದಲ್ಲಿ ಹೋಗಲಿ?"

"ಕುರ್ಚಿ ರಿಸಲ್ಟ್ ಬರೋವರೆಗೂ ನಂದೇ. ಕೆಲಸ ಇವತ್ತಿಂದ ನಿಂದು."

ಅತ್ತೆ ಆಗಲೇ ಕೈ ತೊಳೆದು ಸೆರಗಿಗೆ ಒರೆಸಿಕೊಳ್ಳುತ್ತಿದ್ದರು. "ನಾನೂ ಬರ್ತೀನಿ. ಆ ಮನೆ ಹೇಗಿದೆ ಅಂತ ನೋಡಬೇಕು."

"ಯಾಕತ್ತೆ, ಹುಡುಗಿನ ಕೊಡೋಕಾ?"

"ಕೊಡೋಕಲ್ಲ ಕಣೇ. ಈ ಸಲ ಇಸ್ಕೊಳ್ಳೋಕೆ."

೧೦

ವ್ಯಾನು ಗುತ್ತಿಗೆದಾರರ ಮನೆ ಮುಂದೆ ನಿಂತಿತು. ಕಸಿಯಕ್ಕನ ಗಂಡ ಸ್ಟೀರಿಂಗ್ ಮೇಲೆ ಕೈಯಿಟ್ಟು, "ಇಂಜಿನ್ ಆಫ್ ಮಾಡಲಾ, ಬೇಡ್ವಾ?" ಎಂದು ಕೇಳಿದ. "ಮಾಡು," ಎಂದರು ಅತ್ತೆ. "ನಾ ಒಳಗೆ ಕೂತು, ಇಸ್ಕೊಂಡೇ ಬರೋದು."

ಗೇಟಿನ ಒಳಗೆ ಕಾಂಪೌಂಡಿನ ಉದ್ದಕ್ಕೂ ನಿಂಬೆಯ ಗಿಡಗಳು. ಕಸಿಯಕ್ಕ ಹತ್ತಿರ ಹೋಗಿ ಬಗ್ಗಿದಳು. ಅವಳೇ ಕಟ್ಟಿದ ಕಸಿಗಳು. ಪಟ್ಟಿ ಸುತ್ತಿದ ರೀತಿಯಲ್ಲೇ ಗುರುತು ಸಿಕ್ಕಿತು. ಕುಡಿ ಚೆನ್ನಾಗಿ ಕೂಡಿಕೊಂಡು ಚಿಗುರಿತ್ತು. ಆದರೆ ಯಾರೂ ಪಟ್ಟಿ ಬಿಚ್ಚಿರಲಿಲ್ಲ. ದಪ್ಪಗಾದ ಕಾಂಡವನ್ನು ಪ್ಲಾಸ್ಟಿಕ್ಕು ಕುತ್ತಿಗೆ ಹಿಡಿದ ಹಾಗೆ ಬಿಗಿದು, ಸುತ್ತಲೂ ಗೆರೆ ಬಿದ್ದಿತ್ತು.

"ಅಯ್ಯೋ ನನ್ನ ಕಂದ," ಎಂದು ಅಲ್ಲೇ ಕುಕ್ಕರಗಾಲಲ್ಲಿ ಕೂತಳು. ಪಟ್ಟಿಯ ತುದಿ ಹುಡುಕಿ, ಉಗುರಿನಿಂದ ಎಬ್ಬಿಸಿ, ತೊಗಟೆ ಕೀಳದ ಹಾಗೆ ಸುತ್ತು ಸುತ್ತಾಗಿ ಬಿಡಿಸಿದಳು. ಹಿಂದೆಯೇ ಬಂದಿದ್ದ ಬರೆಯುವವನಿಗೆ ತೋರಿಸಿದಳು. "ನೋಡ್ಕೊಂಡ್ರಾ? ಎಳೀಬಾರದು. ಅದು ಸುತ್ತಿದ ದಾರಿಯಲ್ಲೇ ವಾಪಸ್ ಬರಬೇಕು."

ಬಾಗಿಲು ತೆರೆಯಿತು. ಗುತ್ತಿಗೆದಾರರು ಎರಡೂ ಕೈ ಅಗಲಿಸಿಕೊಂಡು ಬಂದರು. "ಓಹೋ, ಯಾರಿದು! ಗಿಡ ನೋಡೋಕೆ ಬಂದ್ರಾ ಅಕ್ಕ?"

"ಗಿಡಾನೂ ನೋಡ್ದೆ ಸಾರ್."

"ಲೆಕ್ಕಿಗರು ಹೇಗಿದ್ದಾರೆ? ಅವರ ಬಿಪಿ?"

"ಅದನ್ನ ಇಳಿಸೋಕೇ ಬಂದಿರೋದು."

ಅತ್ತೆ ಗೋಡೆಯನ್ನು ಮೇಲಿನಿಂದ ಕೆಳಗಿನ ತನಕ ನೋಡಿದರು. "ಮನೆ ಲಕ್ಷಣವಾಗಿದೆಯಪ್ಪ. ಹೊಸ ಬಣ್ಣ ಹೊಡೆಸಿದೀರಾ. ಬಣ್ಣದವನಿಗೆ ಕೊಟ್ರಾ?"

ಗುತ್ತಿಗೆದಾರರ ನಗು ಬಾಯಲ್ಲೇ ಒಂದು ಗಳಿಗೆ ಸಿಕ್ಕಿಕೊಂಡಿತು. "ಒಳಗೆ ಬನ್ನಿ, ಬನ್ನಿ," ಎಂದರು. ಅವರಿಗೂ ಬೇರೆ ದಾರಿ ಇರಲಿಲ್ಲ. ಅತ್ತೆ ಆಗಲೇ ಚಪ್ಪಲಿ ಬಿಟ್ಟಾಗಿತ್ತು.

ಬರೆಯುವವನೂ ಚಪ್ಪಲಿ ಬಿಡಹೊರಟ. ಕಸಿಯಕ್ಕ ಹೊಸ್ತಿಲ ಮೇಲೆ ತಿರುಗಿ ನಿಂತಳು.

"ನೀವು ಇಲ್ಲೇ ಇರಿ."

"ನಾನಿಲ್ಲದೆ ಒಳಗೆ ನಡೆದದ್ದು ಓದುಗರಿಗೆ ಹೇಗೆ ಗೊತ್ತಾಗಬೇಕು?"

"ನೀವು ಬಂದ್ರೆ ಅವರು ನಿಮ್ಮ ಪಾತ್ರ ಆಗ್ಬಿಡ್ತಾರೆ. ಪಾತ್ರಗಳು ಕೊನೇಲಿ ಮನಸ್ಸು ಕರಗಿ ಕೊಟ್ಟುಬಿಡ್ತಾವೆ. ನನಗೆ ಅದು ಬೇಡ. ಕರಗದೆ ಇರೋ ಮನುಷ್ಯನ ಹತ್ರ ನಾನು ಕೇಳಿ ಇಸ್ಕೋಬೇಕು."

"ಕೊಡದೆ ಇದ್ರೆ?"

"ನಾಳೆನೂ ಬರ್ತೀನಿ. ನಾಳಿದ್ದೂ."

ಬಾಗಿಲು ಮುಚ್ಚಿಕೊಂಡಿತು.

ಬರೆಯುವವ ಸ್ವಲ್ಪ ಹೊತ್ತು ಮೆಟ್ಟಿಲ ಬಳಿ ನಿಂತಿದ್ದ. ಒಳಗಿನಿಂದ ಅತ್ತೆಯ ದನಿ, ಆಮೇಲೆ ಗುತ್ತಿಗೆದಾರರ ಕೆಮ್ಮು, ಆಮೇಲೆ ಇಬ್ಬರು ಹೆಂಗಸರ ದೊಡ್ಡ ನಗು. ಯಾಕೆ ನಕ್ಕರೋ. ಕಿಟಕಿಯ ಪರದೆ ಇಳಿಬಿಟ್ಟಿತ್ತು. ವ್ಯಾನಿನಲ್ಲಿ ಕೂತಿದ್ದ ಗಂಡ ಅವನ ಕಡೆ ನೋಡಿ, ನಮ್ಮಿಬ್ಬರ ಪಾಡು ಒಂದೇ ಎಂಬ ಹಾಗೆ ತಲೆಯಾಡಿಸಿದ.

ಸುಮ್ಮನೆ ನಿಂತು ಏನು ಮಾಡುವುದು? ಬರೆಯುವವ ಪೆನ್ನನ್ನು ಜೇಬಿಗೆ ಸಿಕ್ಕಿಸಿ ಎರಡನೆಯ ನಿಂಬೆ ಗಿಡದ ಮುಂದೆ ಕೂತ. ಬಿಡಿಸಿದ. ಮೂರನೆಯದರಲ್ಲಿ ತೊಗಟೆ ಚೂರು ಕಿತ್ತು ಬಂತು. ಯಾರಾದರೂ ನೋಡಿದರೇ ಎಂದು ಹಿಂತಿರುಗಿ ನೋಡಿದ. ನಾಲ್ಕನೆಯದು ಪರವಾಗಿಲ್ಲ. ಒಳಗೆ ಬೀರು ತೆರೆದಂಥದೋ, ಕುರ್ಚಿ ಸರಿಸಿದಂಥದೋ ಒಂದು ಸದ್ದಾಯಿತು.

ಹಿಂದೆ ಬಾಗಿಲ ಚಿಲಕ ಸರಿಯಿತು. ಬರೆಯುವವ ತಲೆ ಎತ್ತಲಿಲ್ಲ. ಐದನೆಯ ಗಿಡದ ಪಟ್ಟಿಯ ತುದಿ ಈಗಷ್ಟೇ ಉಗುರಿಗೆ ಸಿಕ್ಕಿತ್ತು.